ಎರಡು ಮೊಳದ ಮೂಗು

ನಾಟಕ ಕಂಪನಿಯಲ್ಲಿ ನನ್ನ ಕೆಲಸ ಕಲಾವಿದರ ಮುಖ ಕೆಡಿಸುವುದು. ಓದಿದವರು ಇದಕ್ಕೆ ವ್ಯಂಗ್ಯಚಿತ್ರ ಎನ್ನುತ್ತಿದ್ದರು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಉಳಿದವರೆಲ್ಲ ನನ್ನನ್ನು ಗುರುತಿಸುತ್ತಿದ್ದದ್ದು 'ಸೊಟ್ಟ ಮಾರಿ ಬರಿಯಾಂವ' ಎಂದೇ. ಎಂಬತ್ತರ ದಶಕದಲ್ಲಿ ನಮ್ಮ ಕಂಪನಿ ಯಾವ ಊರಲ್ಲಿ ಕ್ಯಾಂಪು ಹಾಕಿದರೂ, ತಗಡಿನ ಥಿಯೇಟರಿನ ಗೇಟಿಗೆ ನಾನು ಬರೆದ ಆಳೆತ್ತರದ ಪ್ಲೈವುಡ್ ಚಿತ್ರಗಳು ನಿಲ್ಲುತ್ತಿದ್ದವು.

ಮುಖ ಕೆಡಿಸುವುದಕ್ಕೂ ನಿಯಮಗಳಿದ್ದವು. ಹೀರೋನ ಮುಖ ಮುಟ್ಟುವಂತಿಲ್ಲ. ಐವತ್ತು ದಾಟಿದ ಅವರಿಗೆ ನಾನು ಕಾಲೇಜು ಹುಡುಗನ ಗಲ್ಲ ಕೊಡಬೇಕು. ಮಾಲೀಕರ ಹೊಟ್ಟೆ ಕಣ್ಣಿಗೆ ಬಿದ್ದರೂ ಕುಂಚಕ್ಕೆ ಬೀಳಬಾರದು. ಉಳಿದವರು ಹಾಸ್ಯನಟರೊಬ್ಬರೇ. ಕಂಪನಿಗೆಲ್ಲ ಅವರು ಮಾಮಾ. ದೇವರು ನನಗೆಂದೇ ಮಾಡಿಟ್ಟಂಥ ಮೂಗು, ಹೊರಗೆ ಇಣುಕುವ ಎರಡು ಹಲ್ಲು. ನನ್ನ ಕಲಾಸ್ವಾತಂತ್ರ್ಯವೆಲ್ಲ ಆ ಒಂದು ಮುಖದ ಮೇಲೆ ಬಿತ್ತು.

ನಿಪ್ಪಾಣಿ ಕ್ಯಾಂಪಿನಲ್ಲಿ ಮಾಮಾನ ಮೂಗಿಗೇ ಬೇರೆ ಹಲಗೆ ಕೊಯ್ದು, ರಸ್ತೆಯ ಕಡೆ ಚಾಚುವಂತೆ ಜೋಡಿಸಿದೆ. ತಂಬಾಕಿನ ವಖಾರಿಯಲ್ಲಿ ಕೂಲಿ ಮುಗಿಸಿ ಹೊರಟ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಿಂತರು. ಜನ "ಕಾಯ್ ನಾಕ್ ಆಹೇ ರೇ!", ಏನು ಮೂಗಪ್ಪಾ ಇದು, ಎಂದು ಮರಾಠಿಯಲ್ಲಿ ನಕ್ಕು, ಕನ್ನಡದಲ್ಲಿ ಟಿಕೆಟ್ ಕೇಳಿದರು.

ನಾನು ಮೀಸೆ ತಿರುವುತ್ತಿದ್ದಾಗ ಒಳಗೆ ಮಾಮಾನ ಎಂಟ್ರಿ. ಹಾಸ್ಯನಟ ಬದುಕುವುದೇ ಆ ಎಂಟ್ರಿಯ ನಗುವಿನ ಮೇಲೆ. ಪರದೆಯ ಸಂದಿಯಿಂದ ಮೊದಲು ಮೂಗು ಬಂದು, ಆಮೇಲೆ ಅವರು ಬಂದರೆ ಇಪ್ಪತ್ತು ವರ್ಷಗಳಿಂದ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಯಾರೋ ಕೆಮ್ಮಿದರು. ಗೇಟಿನಲ್ಲಿ ಎರಡು ಮೊಳದ ಮೂಗು ನೋಡಿ ಬಂದವರಿಗೆ ಅಸಲಿ ಮೂಗು ಚಿಕ್ಕದಾಗಿ ಕಂಡಿತ್ತು.

ಒಂದು ವಾರ ಹೀಗೇ ನಡೆಯಿತು. ಮಾಲೀಕರು, "ಮಾಮಾಗ ವಯಸ್ಸಾತು, ಅಥಣಿಯಾಗ ಹೊಸಬರನ್ನ ನೋಡೂಣು," ಎಂದರು. ಚಿತ್ರದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಚಿತ್ರ ಊಟ ಕೇಳುವುದಿಲ್ಲವಲ್ಲ.

ಮಾಮಾ ನಾನು ಬಣ್ಣ ಕಲಸುವಲ್ಲಿಗೆ ಬಂದು ಖಾಲಿ ಡಬ್ಬಿಯ ಮೇಲೆ ಕುಳಿತರು.

"ಮೂಗ ದೊಡ್ಡದ ಮಾಡಿದಿ, ಸಿಟ್ಟಿಲ್ಲಪಾ. ಆದ್ರ ನನ್ನ ಎಂಟ್ರಿ ನಗಿ ಎಲ್ಲಾ ಗೇಟಿನ್ಯಾಗ ಹಂಚಿಬಿಟ್ಟಿಯಲ್ಲೋ ತಮ್ಮಾ. ಒಳಗ ನಾ ಏನ್ ಮಾರ್ಲಿ?"

"ಮಾಮಾ, ಜನ ಆ ಚಿತ್ರಾ ನೋಡೇ ಬರಾಕತ್ತಾರ್ರಿ," ಎಂದೆ, ಮಹಾಕಲಾವಿದನ ಠೀವಿಯಲ್ಲಿ. ಅವರು ಎದ್ದು ಹೋದರು. ನಿಜ ಹೇಳಬೇಕೆಂದರೆ, ಒಳಗೆ ಜನ ನಗದೆ ಕುಳಿತಾಗ ನನಗೆ ಖುಷಿಯಾಗಿತ್ತು. ಅದರ ನಾಚಿಕೆ ಇವತ್ತಿಗೂ ಇದೆ.

ಅಥಣಿಗೆ ಹೊರಟ ಲಾರಿಯಲ್ಲಿ ಎಲ್ಲರ ಸಾಮಾನು ಹಗ್ಗ ಬಿಗಿದು ಮೇಲಿತ್ತು. ಮಾಮಾ ಮಾತ್ರ ಟ್ರಂಕನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದರು, ಯಾವ ಕ್ಷಣದಲ್ಲಾದರೂ ಇಳಿಯಬೇಕಾದವರ ಹಾಗೆ. ನನ್ನ ಠೀವಿ ಅಲ್ಲಿಗೆ ಇಳಿಯಿತು.

ಅಥಣಿಯಲ್ಲಿ ಆ ಮೂಗನ್ನು ಹಳೆಯ ಪರದೆಗಳ ಹಿಂದೆ ಒಗೆದು, ಹೊಸ ಹಲಗೆಯ ಮೇಲೆ ಮಾಮಾನ ಬೆನ್ನು ಬರೆದೆ. ಡೊಂಕು ಕಾಲು, ಜಾರುವ ಧೋತರ, ಗೂನು. ಮುಖವೇ ಇಲ್ಲ.

ಮಾಲೀಕರು ಹೌಹಾರಿದರು. "ಮಾರಿ ಎಲ್ಲೈತೋ?"

"ಒಳಗೈತ್ರಿ. ಟಿಕೀಟ ತಗೊಂಡ್ರ ಕಾಣತೈತಿ."

ಟಿಕೀಟು ಎಂದ ಕೂಡಲೇ ಅವರಿಗೆ ಕಲೆ ಅರ್ಥವಾಯಿತು.

ಮಾಮಾ ಬಂದು ಬಹಳ ಹೊತ್ತು ನೋಡಿದರು. "ಗೂನ ಜಾಸ್ತಿ ಆತು," ಎಂದು ಹೇಳಿ ಹೋದರು. ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಶಿರಗುಪ್ಪಿ ಕಡೆಯಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ನಾನು ಹಿಂದಿನ ಪರದೆಯ ಅಂಚಿನಲ್ಲಿ ನಿಂತಿದ್ದೆ. ಮಾಮಾ ಹಿಮ್ಮುಖವಾಗಿ ಸ್ಟೇಜಿಗೆ ಬಂದರು, ನಾನು ಬರೆದಷ್ಟೇ ಗೂನು, ಅಷ್ಟೇ ಡೊಂಕು. ಗೇಟಿನ ಬೆನ್ನು ಗುರುತು ಸಿಕ್ಕಿ ಜನ ಶಿಳ್ಳೆ ಹಾಕಿದರು. "ಮಾರಿ ತೋರಸಲೇ!" ಎಂದು ಕೂಗಿದರು.

ಮಾಮಾ ತಿರುಗಲಿಲ್ಲ. ಜನರಿಗೆ ಬೆನ್ನು, ನನಗೆ ಮುಖ. ನನ್ನನ್ನೇ ನೋಡುತ್ತ ಹಲ್ಲು ಚಾಚಿ, ಮೂಗು ಅರಳಿಸಿ, ನಿಪ್ಪಾಣಿಯಲ್ಲಿ ನಾನು ಬರೆದ ಆ ಮುಖವನ್ನು ನನಗೊಬ್ಬನಿಗೇ ಮಾಡಿ ತೋರಿಸಿದರು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

ಗೇಟಿನಲ್ಲಿ ನಾನು ಕಿತ್ತುಕೊಂಡ ನಗುವನ್ನು ಮೊದಲು ನನ್ನಿಂದ ವಸೂಲು ಮಾಡಿಕೊಂಡು, ಆಮೇಲೆ ಮಾಮಾ ಜನರ ಕಡೆ ತಿರುಗಿದರು. ಥಿಯೇಟರಿನ ತಗಡು ನಡುಗಿತು.