ಹಜರತಬಿಯವರ ಅಳತೆ ಪಟ್ಟಿ

ಬೆಳಗ್ಗೆ ನಾನು ಏಳುವ ಮೊದಲೇ ನನ್ನ ಹೆಬ್ಬೆರಳು ಎದ್ದಿರುತ್ತದೆ. ಕಣ್ಣು ಪೂರ್ತಿ ತೆರೆಯುವಷ್ಟರಲ್ಲಿ ಅದು ಸೂರ್ಯೋದಯದ ಚಿತ್ರವೊಂದನ್ನೂ ಅದರ ಕೆಳಗೊಂದು ಸುಭಾಷಿತವನ್ನೂ ಆರಿಸಿ, ಹಾನಗಲ್ಲಿನ ಬೀಗರಿಂದ ಹಿಡಿದು ಹಿರೇಕೆರೂರಿನ ಹಳೆಯ ಸಹೋದ್ಯೋಗಿಯವರೆಗೆ ಎಲ್ಲರಿಗೂ ರವಾನಿಸಿಬಿಟ್ಟಿರುತ್ತದೆ. ನಿಜವಾದ ಸೂರ್ಯ ಸವಣೂರಿನ ನಮ್ಮ ಮಾಳಿಗೆಗೆ ಬರುವುದು ಆಮೇಲೆ. ಕನ್ನಡದ ಉಪನ್ಯಾಸಕನಾದ ನಾನು 'ಜಾಲತಾಣ' ಎಂಬ ಪದವನ್ನು ಬಿಡಿಸಿ ಹೇಳುವಾಗಲೆಲ್ಲ, 'ಇದರಲ್ಲಿ ಜಾಲವೆಷ್ಟು, ತಾಣವೆಷ್ಟು, ನೋಡಿಕೊಳ್ಳಿ' ಎಂದು ವಿದ್ಯಾರ್ಥಿಗಳನ್ನು ನಗಿಸುತ್ತಿದ್ದೆ. ಆ ಮಾತು ನನ್ನ ಮನೆಗೇ ಅನ್ವಯಿಸೀತೆಂದು ಎಣಿಸಿರಲಿಲ್ಲ.

ನನ್ನ ಮಗಳು ನಂದಿನಿ ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಚರ್ಚಾಸ್ಪರ್ಧೆಯೊಂದರಲ್ಲಿ ಅವಳಿಗೆ ಮೊದಲ ಬಹುಮಾನ ಬಂದ ದಿನ, ಪಿತೃವಾತ್ಸಲ್ಯವೆಂಬ ಮದ ನೆತ್ತಿಗೇರಿ, ಫಲಕ ಹಿಡಿದು ನಿಂತ ಅವಳ ಚಿತ್ರವನ್ನು ಹೆಸರು, ಕಾಲೇಜು, ತರಗತಿಯ ಸಮೇತ ನನ್ನ ಖಾತೆಯಲ್ಲಿ ಜಗತ್ತಿಗೆಲ್ಲ ಕಾಣುವಂತೆ ಹಾಕಿದೆ. ಮೆಚ್ಚುಗೆಗಳ ಸುರಿಮಳೆಯಾಯಿತು. ಬಹುಮಾನ ನನಗೇ ಬಂದಂತೆ ಎರಡು ದಿನ ಎದೆಯುಬ್ಬಿಸಿ ಓಡಾಡಿದೆ.

ಅದಾದ ಕೆಲವೇ ವಾರಗಳಲ್ಲಿ ಹುಡುಗಿ ಬದಲಾದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯತೊಡಗಿತು. ಇಂದು ತಲೆನೋವು, ನಾಳೆ ಹೊಟ್ಟೆನೋವು ಎಂದು ಕಾಲೇಜು ತಪ್ಪಿಸಿದಳು. ಕೈಯಲ್ಲಿ ಮಾತ್ರ ಸದಾ ಫೋನು. ರೋಗನಿದಾನದಲ್ಲಿ ಧನ್ವಂತರಿಗೆ ಕಡಿಮೆಯಿಲ್ಲದ ನಾನು ಇದು ಮೊಬೈಲ್ ಚಟವೆಂದು ತೀರ್ಮಾನಿಸಿ, ಅರ್ಧ ತಾಸು ಉಪದೇಶ ಮಾಡಿ, ಫೋನು ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಅವಳು ಚಕಾರವೆತ್ತಲಿಲ್ಲ. ಅದನ್ನು ವಿಧೇಯತೆಯೆಂದು ತಿಳಿದ ನನ್ನ ಜಾಣ್ಮೆಗೆ ಏನೆನ್ನಬೇಕೋ ನೀವೇ ಹೇಳಿ. ಮರುವಾರ ಶಿಗ್ಗಾವಿಯ ಸಭೆಯೊಂದರಲ್ಲಿ 'ಯುವಜನತೆ ಮತ್ತು ಮೊಬೈಲ್' ಎಂಬ ವಿಷಯದ ಮೇಲೆ ನಿರರ್ಗಳವಾಗಿ ಮಾತಾಡಿ, ಶಾಲು ಹೊದಿಸಿಕೊಂಡು, ಸಂಜೆ ಐದರ ಹೊತ್ತಿಗೆ ಮನೆಗೆ ಮರಳಿದೆ.

ಕಟ್ಟೆಯ ಮೇಲೆ ಹಜರತಬಿ ಕುಳಿತಿದ್ದರು. ಪಕ್ಕದ ಓಣಿಯಲ್ಲಿ ಹೊಲಿಗೆ ಮಾಡುವ, ಅರವತ್ತರ ಅಂಚಿನ ಹೆಣ್ಣುಮಗಳು. ನಂದಿನಿಯ ಮೊದಲ ಲಂಗದಿಂದ ಕಾಲೇಜಿನ ಚೂಡಿದಾರದವರೆಗೆ ಎಲ್ಲವೂ ಅವರದೇ ಕೈಕೆಲಸ. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.

"ಸರ, ಒಂದ್ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದರು. "ಹುಡುಗಿ ಇವತ್ತ ಅಳತಿ ಕೊಡಾಕ ಬಂದಿದ್ಲು. ಎರಡ ತಿಂಗಳದಾಗ ಸೊಂಟ ಎರಡ ಇಂಚು ಇಳದೈತಿ. ತೋಳು ಉದ್ದ ಇರಲಿ, ಕೊಳ್ಳು ಮುಚ್ಚಲಿ, ಎಲ್ಲಾ ಸಡ್ಲ ಇರಲಿ ಅಂದ್ಲು. ಯಾಕವಾ ಅಂದೆ. ಅಳಾಕ ಹತ್ತಿದ್ಲು."

ಒಳಗೆ ನಂದಿನಿ ತಾಯಿಯ ಮಗ್ಗುಲಲ್ಲಿ ಕುಳಿತಿದ್ದಳು. ಬಿಕ್ಕುತ್ತ ಹೇಳಿದ್ದು ಇಷ್ಟು: ಯಾರೋ ಅವಳ ಹೆಸರಿನಲ್ಲಿ, ಅವಳದೇ ಮುಖವಿಟ್ಟು ಸುಳ್ಳು ಖಾತೆ ತೆರೆದು, ಸಹಪಾಠಿಗಳಿಗೆ ಹೊಲಸು ಸಂದೇಶ ಕಳಿಸುತ್ತಿದ್ದರು. ಚಿತ್ರವನ್ನು ತಿರುಚಿ, ತಮ್ಮೊಡನೆ ಮಾತಾಡದಿದ್ದರೆ ಅದನ್ನು ಊರಿಗೆಲ್ಲ ಹಂಚುವುದಾಗಿ ಬೆದರಿಸಿದ್ದರು.

ನನ್ನ ಬಾಯಿ ಬೈಗುಳಕ್ಕೆ ತೆರೆದದ್ದನ್ನು ಹಜರತಬಿ ಕಂಡರು. "ಮೊದಲ ನೀರ ಕುಡೀರಿ ಸರ. ತಪ್ಪು ಮಾಡಿದಾಂವ ಬ್ಯಾರೆ ಅದಾನ. ನಾಚಿಕಿ ಅಂವಗ ಇರಲಿ, ನಮ್ಮ ಹುಡುಗಿಗ್ಯಾಕ?"

ನೀರು ಕುಡಿದೆ. "ನನಗ್ಯಾಕ ಹೇಳಲಿಲ್ಲ ಮಗಳ?" ಎಂದೆ.

"ಆ ಫೋಟೋ ನೀವು ಹಾಕಿದ್ದಪ್ಪ," ಎಂದಳು ನಂದಿನಿ, ನೆಲ ನೋಡುತ್ತ. "ಹೇಳಿದ್ರ ನಿಮಗ ಭಾಳ ಕೆಟ್ಟ ಅನಸ್ತೈತಿ ಅಂತ ಸುಮ್ನಾದೆ."

ಇಷ್ಟು ದಿನವೂ ಈ ಕೂಸು ನನ್ನನ್ನು ಕಾಪಾಡುತ್ತಿತ್ತು! ಶಿಗ್ಗಾವಿಯ ಶಾಲು ಇನ್ನೂ ಹೆಗಲ ಮೇಲಿತ್ತು. ಅದನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕುಳಿತು, "ತಪ್ಪಾತವಾ" ಎಂದೆ. ಮಗಳಿಗೆ ನಾನು ಹಾಗೆಂದದ್ದು ಅದೇ ಮೊದಲು.

ಮರುದಿನ ಹಜರತಬಿಯವರನ್ನೂ ಕರೆದುಕೊಂಡು ಹಾವೇರಿಯ ಪೊಲೀಸರ ಬಳಿ ಹೋದೆವು. ಅಲ್ಲಿನ ಮಹಿಳಾ ಅಧಿಕಾರಿ ಮೊದಲು ವಿಚಾರಿಸಿದ್ದು ನಂದಿನಿಯ ನಾಷ್ಟಾ ಆಯಿತೇ ಎಂದು. ಆಮೇಲೆ, "ಏನೂ ಡಿಲೀಟ್ ಮಾಡಿಲ್ಲ ಹೌದಲ್ಲವಾ?" ಎಂದು ಕೇಳಿದರು. ಅಳಿಸುವುದಿರಲಿ, ನನ್ನ ಮಗಳು ಒಂದೊಂದು ಸಂದೇಶದ ಚಿತ್ರವನ್ನೂ ತೆಗೆದು ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದಳು. ನಾನು ಚಟವೆಂದು ಕರೆದು ಕಪಾಟಿನಲ್ಲಿ ಬಂಧಿಸಿದ್ದು ಅವಳು ಒಬ್ಬಳೇ ಕೂತು ಕೂಡಿಹಾಕಿದ ಸಾಕ್ಷ್ಯವನ್ನು. "ಇಷ್ಟ ಚಂದ ನಮ್ಮ ಮಂದೀನೂ ಫೈಲ್ ಮಾಡೂದಿಲ್ಲ ನೋಡವಾ," ಎಂದರು ಆ ಪುಣ್ಯಾತ್ಗಿತ್ತಿ. ಎಷ್ಟೋ ದಿನಗಳ ಮೇಲೆ ನಂದಿನಿ ನಕ್ಕಳು.

ವಾರದೊಳಗೆ ಸುಳ್ಳು ಖಾತೆ ಮುಚ್ಚಿತು. ತಿಂಗಳಾಗುವಷ್ಟರಲ್ಲಿ ಆಸಾಮಿಯೂ ಸಿಕ್ಕ. ನಾನು ಒಮ್ಮೆಯೂ ಕಣ್ಣಾರೆ ಕಾಣದ, ಆದರೂ ನನ್ನ ಸ್ನೇಹಿತರ ಪಟ್ಟಿಯಲ್ಲಿ ವಿರಾಜಮಾನನಾಗಿದ್ದ, ನನ್ನ ಸುಭಾಷಿತಗಳಿಗೆ ತಪ್ಪದೆ ಕೈಮುಗಿಯುತ್ತಿದ್ದ ಮಹಾಶಯನಾತ. ಪ್ರಕರಣ ಇನ್ನೂ ನಡೆದಿದೆ. ನಂದಿನಿ ಕಾಲೇಜಿಗೆ ಮರಳಿದ ದಿನ ಗೆಳತಿಯರು ಮನೆ ಬಾಗಿಲಿಗೇ ಬಂದು ಅವಳನ್ನು ನಡುವೆ ಇಟ್ಟುಕೊಂಡು ಕರೆದೊಯ್ದರು.

ಹಜರತಬಿಯವರಿಗೆ ಕೃತಜ್ಞತೆ ಹೇಳಲು ಹೋದೆ. ಭಾಷೆಯಿಂದಲೇ ಬದುಕುವವನಿಗೆ ಅಂದು ಒಂದು ವಾಕ್ಯವೂ ನೆಟ್ಟಗೆ ಕೂಡಲಿಲ್ಲ. ಕಡೆಗೆ, "ತಂದಿ ಆಗಿ ನನಗ ತಿಳೀಲಿಲ್ಲ. ನಿಮಗ ಹ್ಯಾಂಗ ತಿಳೀತ್ರಿ?" ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನಾ ಏಳನೇತ್ತೆ ಓದುವಾಗ ಸರ, ಯಾರೋ ಸಾಲಿ ಗ್ವಾಡಿ ಮ್ಯಾಲೆ ಇದ್ದಲಿಲೆ ನನ್ನ ಹೆಸರು ಬರದಿದ್ರು. ಬಾಜೂಕ ಹೊಲಸ ಮಾತು. ಮನ್ಯಾಗ ಯಾರಿಗೂ ಹೇಳಲಿಲ್ಲ. ಹೊಟ್ಟಿನೋವು ಅಂತ ಮಕ್ಕೊಂಡೆ. ಗ್ವಾಡಿ ಮ್ಯಾಲಿಂದು ಮಳಿಗಾಲದಾಗ ತೊಳಕೊಂಡು ಹೋತು. ನಾ ಮಾತ್ರ ತಿರುಗಿ ಸಾಲಿಗೆ ಹೋಗಲಿಲ್ಲ."

ಇದ್ದಲಿನ ಕಾಲದಲ್ಲಿ ಆಕೆಗೆ ಇಲ್ಲದ ಒಬ್ಬ ಹಜರತಬಿ, ಬೆರಳಂಚಿನ ಈ ಕಾಲದಲ್ಲಿ ನನ್ನ ಮಗಳಿಗೆ ಇದ್ದರು. ಈ ಋಣವನ್ನು ಯಾವ ಪದದಲ್ಲಿ ಹೇಳಬೇಕೆಂದು ನಾನಿನ್ನೂ ಹುಡುಕುತ್ತಿದ್ದೇನೆ.

ಈಗ ದಿನಾ ಒಂಬತ್ತೂವರೆಗೆ ನಂದಿನಿ ಆ ಓಣಿಯಿಂದಲೇ ಕಾಲೇಜಿಗೆ ಹೋಗುತ್ತಾಳೆ. "ಹೊಂಟೇನಿ ಖಾಲಾ!" ಎಂದು, ಸ್ವಂತ ಚಿಕ್ಕಮ್ಮನನ್ನು ಕರೆದಂತೆ, ಕೂಗುತ್ತಾಳೆ. ಹೊಲಿಗೆ ಯಂತ್ರ ನಿಲ್ಲುತ್ತದೆ. "ಹೋಗಿ ಬಾರವಾ" ಎಂಬ ದನಿ ಬರುತ್ತದೆ. ಹುಡುಗಿ ತಿರುವು ದಾಟಿ ಮರೆಯಾಗುವವರೆಗೂ ಯಂತ್ರ ಮತ್ತೆ ಶುರುವಾಗುವುದಿಲ್ಲ.