ಅಪ್ಪ ಕಂಡ ಹಾಡು

“ಅಗೋ, ಪುಟ್ಟಿ ಶ್ರುತಿ ತಪ್ಪಿದ್ಲು!” ಎಂದು ಅಪ್ಪ ಜೋರಾಗಿ ನಕ್ಕಾಗ ನಮ್ಮ ಪ್ರಯೋಗಾಲಯದಲ್ಲಿದ್ದವರೆಲ್ಲ ಬೆಚ್ಚಿಬಿದ್ದೆವು. ಸೇನೆಯಲ್ಲಿ ಫಿರಂಗಿ ಹಾರಿಸಿ ನಿವೃತ್ತರಾದ ಅಪ್ಪನಿಗೆ ಎರಡೂ ಕಿವಿ ಕೇಳಿಸುವುದಿಲ್ಲ. ಅಂದು ಮೊಮ್ಮಗಳೊಂದಿಗೆ ನನ್ನ ಕೆಲಸ ನೋಡಲು ಬಂದಿದ್ದರು.

ಕಂಪನ ಅಳೆಯಲು ನಾನು ತೆಳುವಾದ ತಗಡಿನ ಮೇಲೆ ಲೇಸರ್ ಬಿಟ್ಟಿದ್ದೆ. ಅದರೆದುರು ಮಗಳು ಒಂದೇ ಸ್ವರ ಹಿಡಿದು ಹಾಡಿದರೆ ಮಾನಿಟರಿನಲ್ಲಿ ಕಪ್ಪು ಉಂಗುರಗಳು ಮೂಡುತ್ತಿದ್ದವು. ಸ್ವರ ಜಾರಿದರೆ ಕಲಸಿಹೋಗುತ್ತಿದ್ದವು. ಅಪ್ಪ ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತಿದ್ದರು.

“ಪಪ್ಪಾ, ತಾತಂಗೆ ಸಬ್ ಕೇಳ್ಸತ್ತೆ!” ಎಂದು ಮಗಳು ಕಣ್ಣರಳಿಸಿದಳು.

ಈಗ ವಸಂತ್ ಕುಂಜ್‌ನ ಮನೆಯಲ್ಲಿ ಅವಳು ಹಾಡಲು ಕುಳಿತರೆ ಅಪ್ಪ ಎದುರಿಗೇ ಕುರ್ಚಿ ಎಳೆದುಕೊಳ್ಳುತ್ತಾರೆ. ಇಲ್ಲಿ ಲೇಸರೂ ಇಲ್ಲ, ಮಾನಿಟರೂ ಇಲ್ಲ. ಅವರು ಸುಮ್ಮನೆ ಹುಬ್ಬೇರಿಸಿದರೂ ಸಾಕು, ಇವಳು ನಾಲಗೆ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಹಾಡುತ್ತಾಳೆ.