ಆರ್ಲಿಸ್‌ಳ ಕಾಫಿ ಡಬ್ಬಿ

ಆರ್ಲಿಸ್‌ಳನ್ನು ಬರೀ ನರ್ಸು ಎನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ಸೈನ್ಯದಿಂದ ಬಂದವರಿಗೆಂದು ಇರುವ ದೊಡ್ಡಾಸ್ಪತ್ರೆ ನಮ್ಮೂರಿಂದ ನಾಲ್ಕು ಗಂಟೆಯ ದಾರಿ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಾವಳೋ ಯಂತ್ರದೊಳಗಿಂದ ಹೇಳುತ್ತಾಳೆ. ಆರ್ಲಿಸ್ ಟ್ವೇಟ್ ಇರುವುದು ನನ್ನ ಟೈರ್ ಅಂಗಡಿಯ ಪಕ್ಕದ ಕೋಣೆಯಲ್ಲಿ. ಒಂದು ಕಾಲಕ್ಕೆ ಯುದ್ಧದಲ್ಲಿ ಗಾಯ ಕಟ್ಟುತ್ತಿದ್ದವಳು. ಆಮೇಲೆ ಓದಿಕೊಂಡು, ಯಾವ ಡಾಕ್ಟರ ಕೈಕೆಳಗೂ ಇಲ್ಲದೆ ತಾನೇ ನೋಡಿ ತಾನೇ ಔಷಧಿ ಬರೆಯುವ ನರ್ಸಾದಳು. ಅಮೆರಿಕದ ನಮ್ಮ ಮೊಂಟಾನಾ ರಾಜ್ಯದಲ್ಲಿ ಅದಕ್ಕೆ ಅಪ್ಪಣೆಯಿದೆ. ಮಂಡಿನೋವು, ಶುಗರ್ರು, ಸಿಡಿಮದ್ದಿನ ಸದ್ದಿಗೆ ಕೆಟ್ಟ ಕಿವಿ, ನಿದ್ದೆ ಬಾರದ ಕಾಯಿಲೆ, ಎಲ್ಲ ಅವಳ ಬಾಗಿಲಿಗೇ ಬರುತ್ತವೆ.

ಹತ್ತಿಯ ಉಂಡೆಗಳ ಹಿಂದೆ ಅವಳದೊಂದು ಕಾಫಿ ಡಬ್ಬಿಯಿದೆ. ಅದರಲ್ಲಿ ಕಾಫಿ ಇಲ್ಲ. ಮನಸ್ಸು ಕೆಟ್ಟಿರುವಾಗ ಮನೆಯಲ್ಲಿ ಬಂದೂಕು ಬೇಡ ಎಂದರೆ ನಮ್ಮ ಗಂಡಸರು ಎದ್ದು ಹೋಗುತ್ತಾರೆ. ಅಪ್ಪನ ಬಂದೂಕು, ತಾತನ ಬಂದೂಕು, ಹೇಗೆ ಕೊಟ್ಟಾರು? ಅದಕ್ಕೆ ಅವಳು, "ಬಂದೂಕು ಗೋಡೆ ಮೇಲೇ ಇರ್ಲಿ, ಬೋಲ್ಟ್ ಮಾತ್ರ ಕೊಡು" ಎನ್ನುತ್ತಾಳೆ. ಗುಂಡನ್ನು ನಳಿಗೆಗೆ ತಳ್ಳಿ ಹಾರಿಸುವ, ಗೇಣುದ್ದದ ಉಕ್ಕಿನ ತುಂಡು. ಅದಿಲ್ಲದಿದ್ದರೆ ಬಂದೂಕು ಬರೀ ದೊಣ್ಣೆ. ಕೊಟ್ಟ ಬೋಲ್ಟು ಆ ಡಬ್ಬಿಗೆ ಬೀಳುತ್ತದೆ, ಮನೆಗೆ ಬಂದವರಿಗೆ ಗೊತ್ತೇ ಆಗುವುದಿಲ್ಲ.

ವರ್ಲಿನ್ ಸ್ಟೊಕ್ಕಿ ಇರಾಕಿನ ಯುದ್ಧದಿಂದ ಬಂದವನು. ಈ ವಸಂತದಲ್ಲಿ ಹೆಂಡತಿ ಬಿಟ್ಟುಹೋದ ಮೇಲೆ ಬೋಲ್ಟನ್ನು ತಾನೇ ತಂದುಕೊಟ್ಟ. ನಾನು ಅಲ್ಲೇ ಹೀಟರ್ ಬಿಚ್ಚಿಕೊಂಡು ಕೂತಿದ್ದೆ. "ನಾನೇ ಬಂದು ಕೇಳಿದ್ರೂ ಕೊಡ್ಬೇಡ, ನಿನಗೆ ಸರಿ ಅನ್ನಿಸೋ ತನಕ" ಎಂದ. (ಇದನ್ನೆಲ್ಲ ಬರೆದರೆ ಬರಿ ಎಂದು ಹೇಳಿದವನೂ ಅವನೇ.)

ಅಕ್ಟೋಬರ್ ಬಂತು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗದ ಗಂಡಸನ್ನು ನಮ್ಮೂರಲ್ಲಿ ಕಾಯಿಲೆಯವನಂತೆ ನೋಡುತ್ತಾರೆ. ಬೇಟೆ ಶುರುವಾಗುವ ಹಿಂದಿನ ದಿನ ಮಾಜಿ ಸೈನಿಕರ ಹಾಲ್‌ನಲ್ಲಿ ಪ್ಯಾನ್‌ಕೇಕ್ ತಿನ್ನುತ್ತಾ ಕೂತಿದ್ದಾಗ ವರ್ಲಿನ್ ತನ್ನ ಬಂದೂಕು ರಿಪೇರಿಗೆ ಹೋಗಿದೆ ಎಂದನಂತೆ. ಹಾಲ್‌ನ ಯಜಮಾನ ಗೇಲಾರ್ಡ್ ಪ್ರೂಯಿಟ್ ಬಿಟ್ಟಾನೆಯೇ?

"ರಿಪೇರಿ ಬಂದೂಕಿಗೋ ನಿನಗೋ?"

ಎಲ್ಲರೂ ನಕ್ಕರಂತೆ. ವರ್ಲಿನ್ ತಟ್ಟೆ ಬಿಟ್ಟು ನೇರವಾಗಿ ಆರ್ಲಿಸ್‌ಳ ಕೋಣೆಗೆ ಬಂದ. ಗೋಡೆ ತೆಳು, ಅಂಗಡಿಯಲ್ಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಕೊಡು."

"ಇವತ್ತು ಆಗಲ್ಲ."

"ನಂದು ಅದು."

"ನಿಂದೇ ಕಣೋ, ಯಾರು ಇಲ್ಲ ಅಂದ್ರು? ಈ ವಾರ ನಿದ್ದೆ ಬಂತಾ?"

ಅವನ ಬೂಟು ಅತ್ತಿಂದಿತ್ತ ಓಡಾಡಿತು.

"ಊಟ?"

"ನೀನೇನು ನಮ್ಮಮ್ಮನಾ?"

"ನಿಮ್ಮಮ್ಮ ಆಗಿದ್ರೆ ಕಿವಿ ಹಿಂಡಿ ಕೂರಿಸ್ತಿದ್ದೆ. ಕೂತ್ಕೋ."

ಅವನು ಕುರ್ಚಿಗೆ ಒದ್ದು ಹೊರಟುಹೋದ.

ಮಧ್ಯಾಹ್ನ ಹಿಮದಲ್ಲಿ ಓಡಿಸುವ ಟೈರು ಹಾಕಿಸಲು ಗೇಲಾರ್ಡ್ ಬಂದ. ಅವನ ಗಾಡಿಯನ್ನು ಜಾಕ್ ಮೇಲೆತ್ತಿ ನಾಲ್ಕೂ ಚಕ್ರ ಬಿಚ್ಚಿದ್ದೆ. ಆಗ ಬಾಯಿ ಬಿಟ್ಟ.

"ಪಾಪ, ವರ್ಲಿನ್ ಮುಖ ಸಣ್ಣ ಮಾಡ್ಕೊಂಡಿದ್ದ ಕಣಯ್ಯ. ಈಗ ತಾನೇ ನನ್ನ ಬಂದೂಕು ಒಂದು ಕೊಟ್ಟು ಬಂದೆ. ಗುಂಡೂ ಕೊಟ್ಟೆ. ಸ್ನೇಹಿತರು ಇರೋದ್ಯಾಕೆ ಮತ್ತೆ?"

ನನ್ನ ಕೈಲಿದ್ದ ಸ್ಪ್ಯಾನರ್ ಗೋಡೆಗೆ ಹೋಗಿ ಬಡಿಯಿತು. ಅವನ ತಲೆಗೆ ಎಸೆಯಲಿಲ್ಲ, ಅಷ್ಟೇ. ಓಡಿಹೋಗಿ ಆರ್ಲಿಸ್‌ಗೆ ಹೇಳಿದೆ. ಅವಳು ಮುಂದೆ ಕೂತಿದ್ದ ಮುದುಕನಿಗೆ "ಅಂಗಿ ಹಾಕ್ಕೋ, ನಾಳೆ ಬಾ" ಎಂದವಳೇ ಹೊರಗೆ ಬಂದಳು. ವರ್ಲಿನ್ನನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ.

"ಗೇಲಾರ್ಡ್, ಗಾಡಿ ಹತ್ತು. ಕೊಟ್ಟೋನು ನೀನು, ವಾಪಸ್ ಕೇಳೋನೂ ನೀನೇ."

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನನಗೇನು ಮರ್ಯಾದೆ ಇಲ್ವಾ?"

"ಹತ್ತು ಅಂದೆ."

ನನ್ನ ಗಾಡಿಯ ಒಂದೇ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಗೇಲಾರ್ಡ್‌ಗೆ ವರ್ಲಿನ್ ಬಂದೂಕನ್ನು ತನ್ನ ಮೇಲೇ ತಿರುಗಿಸಿಕೊಂಡಾನು ಎಂಬುದು ತಲೆಗೆ ಹೋಯಿತು. ಜೋರಾಗಿ ಓಡಿಸು ಎಂದ.

ವರ್ಲಿನ್ನನ ನಾಯಿಯನ್ನು ಪಕ್ಕದ ಮನೆಯ ಬೇಲಿಗೆ ಕಟ್ಟಿತ್ತು. ಮುಂದೆ ಒಂದು ಇಡೀ ಮೂಟೆ ಊಟ ಸುರಿದಿತ್ತು. ತಾನಿರುವುದಿಲ್ಲ ಎಂದುಕೊಂಡವನ ಏರ್ಪಾಡು ಅದು. ಅವನು ಮೆಟ್ಟಿಲ ಮೇಲೆ ಕೂತಿದ್ದ, ತೊಡೆಯ ಮೇಲೆ ಬಂದೂಕು. ನಾವು ಗಾಡಿಯ ಹತ್ತಿರವೇ ನಿಂತೆವು. ಆರ್ಲಿಸ್ ಹೋಗಿ ಅವನ ಪಕ್ಕದಲ್ಲೇ ಕೂತಳು.

"ಕೇಳಿದ್ರೂ ಕೊಡ್ಬೇಡ ಅಂದಿದ್ದೆ. ನಾನು ಕೊಟ್ನಾ? ನೀನು ಒದ್ದ ಕುರ್ಚಿ ಇನ್ನೂ ಬಿದ್ದೇ ಇದೆ. ನನಗೆ ಕೋಪ ಬಂದಿದೆ ವರ್ಲಿನ್."

"ನಿನಗೆ ಕೋಪ ಬಂದಿದ್ದು ನಾನು ನೋಡೇ ಇಲ್ಲ."

"ಬದುಕಿದ್ರೆ ಇನ್ನೂ ನೋಡ್ತೀಯ. ತಾ."

ಅವನು ನಾಯಿಯ ಕಡೆ ನೋಡಿದ. ಗೇಲಾರ್ಡ್ ಗಾಡಿಯ ಹತ್ತಿರದಿಂದಲೇ "ಕೊಟ್ಬಿಡಪ್ಪಾ. ನನಗೆ ಗೊತ್ತಿರಲಿಲ್ಲ" ಎಂದ. ವರ್ಲಿನ್ ಗುಂಡು ತೆಗೆದ, ಬೋಲ್ಟ್ ಎಳೆದ, ಎರಡನ್ನೂ ಅವಳ ಅಂಗೈಗೆ ಹಾಕಿದ. ಆಮೇಲೆ ಅತ್ತ.

ಆರ್ಲಿಸ್ ದೊಡ್ಡಾಸ್ಪತ್ರೆಗೆ ಫೋನ್ ಹಚ್ಚಿದಳು. ಒಂದು ಒತ್ತಿದಳು, ಎರಡು ಒತ್ತಿದಳು. ಕೊನೆಗೆ ಸಿಕ್ಕ ಮನುಷ್ಯನೊಬ್ಬ "ಯಾವ ಡಾಕ್ಟರು ಕಳಿಸ್ತಿರೋದು?" ಎಂದ. "ಡಾಕ್ಟರಲ್ಲ, ನಾನೇ. ಹಾಸಿಗೆ ಹಾಸಿಡಿ, ಹೊರಟಿದ್ದೀನಿ" ಎಂದು ಫೋನ್ ಇಟ್ಟು, ನನ್ನ ಗಾಡಿಯ ಕೀ ಕಿತ್ತುಕೊಂಡು ತಾನೇ ಕರೆದುಕೊಂಡು ಹೋದಳು. ನಾನೂ ಗೇಲಾರ್ಡೂ ನಾಯಿ ಹಿಡಿದುಕೊಂಡು ನಡೆದೇ ಬಂದೆವು.

ವರ್ಲಿನ್ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ನಿನ್ನೆ ಫೋನ್ ಮಾಡಿ, ನಾಯಿಗೆ ಕಂಡಿದ್ದೆಲ್ಲ ತಿನ್ನಿಸ್ತಿದ್ದೀಯಾ ಎಂದು ನನ್ನನ್ನೇ ಬೈದ. ಬೈಯಲಿ. ಹಾಲ್‌ನಲ್ಲಿ ಯಾರೋ ಅವನ ಬಗ್ಗೆ ಹಲ್ಲು ಕಿರಿದಾಗ ಗೇಲಾರ್ಡ್ "ಬಾಯ್ಮುಚ್ಕೊಂಡು ತಿನ್ನು" ಎಂದನಂತೆ. ಒಳ್ಳೆಯದೇ.

ಆದರೂ ನನ್ನ ಕೋಪ ಇಳಿದಿಲ್ಲ, ಗೇಲಾರ್ಡನ ಗಾಡಿ ನನ್ನ ಅಂಗಡಿಯಲ್ಲಿ ಚಕ್ರವಿಲ್ಲದೆ ನಿಂತಿದೆ. ನಿಂತಿರಲಿ.